ಹಳೆಯ ಪತ್ರಿಕೆಗಳ ಮುಂದಿನ ಸುದ್ದಿ

8 ಜನವರಿ 2025, ಬುಧವಾರ. ಕಮಲಾಪುರ

ನನ್ನ ಮದುವೆ ಆಗಿಬಿಟ್ಟಿದೆ, ಇವತ್ತಿಗೆ ಹದಿನೇಳು ದಿನ, ಮತ್ತು ಗಂಡ ದಿಲೀಪನೇ, ಬೇರೆ ಯಾರೂ ಅಲ್ಲ. ಇದನ್ನು ದಿನಕ್ಕೆ ಹತ್ತು ಸಲ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಇನ್ನು ಮೇಲೆ ಬರೆದೂ ಇಡುತ್ತೇನೆ. ಬೆಳಿಗ್ಗೆ ತಾಲ್ಲೂಕು ಕಚೇರಿಗೆ ಹೋಗುವಾಗ ಅವನು ಓಣಿಯ ತಿರುವಿನಲ್ಲಿ ಒಂದು ಸಲ ಹಾರ್ನ್ ಹೊಡೆಯುತ್ತಾನೆ. ಅದು ನನಗೆ. ಅಲ್ಲಿ ಕಟ್ಟಿದ ಎರಡು ಎಮ್ಮೆಗಳು ತಮಗೆ ಅಂದುಕೊಂಡು ಕತ್ತು ಎತ್ತುತ್ತವೆ. ಪಾಪ, ಅಂದುಕೊಳ್ಳಲಿ, ನನ್ನ ಹತ್ತಿರ ಸಂತೋಷ ಬೇಕಾದಷ್ಟಿದೆ.

ಈ ಡೈರಿ ಕೊಟ್ಟವರು ಮಾವ ದತ್ತಪ್ಪನವರು. ಗುಲಬರ್ಗದಿಂದ ಹೊರಡುತ್ತಿದ್ದ ಒಂದು ಸಣ್ಣ ದಿನಪತ್ರಿಕೆಗೆ ಅವರು ಮೂವತ್ತೊಂದು ವರ್ಷ ಕಮಲಾಪುರದ ವರದಿಗಾರರು. ಏಜೆಂಟರೂ ಅವರೇ. ಪತ್ರಿಕೆ ನಿಂತು ಐದು ವರ್ಷವಾಗಿದೆ. ಅದರ ಹೆಸರಿನ ಡೈರಿಗಳು ಮಾತ್ರ ಒಂದು ಪೆಟ್ಟಿಗೆ ತುಂಬ ಉಳಿದಿವೆ. ಇದು 2019ರದು. ಹಳೆಯ ತಾರೀಖು ಹೊಡೆದು ಹೊಸದು ಹಾಕುತ್ತಿದ್ದೇನೆ.

"ಕನ್ನಡದಾಗ ಬರಿ," ಅಂದರು. "ಇಂಗ್ಲಿಷಿನ್ಯಾಗ ನೀ ಭಾಳ ಛಂದ ಬರೀತಿ. ಛಂದ ಬರಿಯೋರಿಗಿ ಖರೆ ಬರಿಯೂದು ತಪ್ಪಿ ಹೋಗ್ತದ."

ಒಳಕೋಣೆಯಲ್ಲಿ ಹಳೆಯ ಪತ್ರಿಕೆಗಳು ಮಾಡಿನವರೆಗೆ ಇವೆ. ವರ್ಷಕ್ಕೆ ಒಂದು ಗಂಟು, ಸುತಳಿ ಕಟ್ಟಿ ಚೀಟಿ ಅಂಟಿಸಿದ್ದಾರೆ. ತಮ್ಮ ಯಾವ ಸುದ್ದಿಗೂ ಪತ್ರಿಕೆಯಲ್ಲಿ ಒಂದು ತಿದ್ದುಪಡಿ ಬಂದಿಲ್ಲ ಎಂಬುದು ಮಾವನ ಹೆಮ್ಮೆ. ಬಂದ ಮೊದಲ ದಿನವೇ ಅದನ್ನು ಎರಡು ಸಲ ಹೇಳಿದರು.

ಅತ್ತೆ ಕಸ್ತೂರಿಬಾಯಿ ಓದು ಬರಹ ಬಾರದವರು. ಆದರೆ ಇಡೀ ಮನೆ ಅವರ ತುದಿನಾಲಿಗೆಯ ಮೇಲೆ. ಎರಡು ತಿಂಗಳಿಂದ ಗಲ್ಲದ ಒಳಗೆ ಹುಣ್ಣು, ಲವಂಗದೆಣ್ಣೆ ಹಚ್ಚಿಕೊಂಡು ಓಡಾಡುತ್ತಿದ್ದಾರೆ. ಹಲ್ಲಿನದಿರಬೇಕು. ನಾಳೆ ಕಲಬುರಗಿಗೆ ಕರೆದೊಯ್ಯುತ್ತೇವೆ.

ದಿಲೀಪನಿಗೆ ಒಬ್ಬ ಅಕ್ಕ ಇದ್ದಳು, ಸುಜಾತಾ. ಕಾಲೇಜಿನಲ್ಲಿರುವಾಗಲೇ ಜ್ವರ ಬಂದು ತೀರಿಕೊಂಡಳಂತೆ. ಮನೆಯಲ್ಲಿ ಆ ಮಾತು ತೆಗೆಯಬೇಡ ಎಂದು ಮದುವೆಗೆ ಮೊದಲೇ ಹೇಳಿದ್ದ. ಹೇಳುವಾಗ ಅವನ ಕಣ್ಣು ತುಂಬಿತ್ತು. ಅವತ್ತು ನಾನು ಅವನನ್ನು ಎಷ್ಟು ಪ್ರೀತಿಸಿದೆ ಎಂದರೆ, ಬರೆದರೆ ಛಂದ ಆಗಿಬಿಡುತ್ತದೆ.

21 ಜನವರಿ, ಮಂಗಳವಾರ. ಕಲಬುರಗಿ

ಹಲ್ಲಿನದಲ್ಲ. ಕ್ಯಾನ್ಸರ್. ಗಲ್ಲದಿಂದ ದವಡೆಗೆ ಇಳಿದಿದೆ, ಆಪರೇಷನ್ ಮಾಡುವ ಹಂತ ದಾಟಿದೆ. ಡಾಕ್ಟರು ಇದನ್ನು ದಿಲೀಪನಿಗೆ ಇಂಗ್ಲಿಷಿನಲ್ಲಿ ಹೇಳಿದರು. ಅವನು ತಿರುಗಿ ನನ್ನ ಮುಖ ನೋಡಿದ. ಇನ್ನು ರೇಡಿಯೇಷನ್ ಒಂದೇ, ಅದನ್ನು ಅತ್ತೆಗೆ ಹೇಳುವ ಕೆಲಸ ನನಗೆ ಬಂತು.

"ಆರು ವಾರ ಕರೆಂಟ್ ಕೊಡ್ತಾರಂತ ಅತ್ತಿ. ಕಡಿಮಿ ಆಗ್ತದ."

"ಕಮಲಾಪುರದಾಗೇ ಕರೆಂಟ ಇರಂಗಿಲ್ಲ. ನನ್ನ ಬಾಯಾಗ ಎಷ್ಟೊತ್ತ ಇರ್ತದ?" ಅಂದರು ಅತ್ತೆ.

ದಿನಾ ಕಮಲಾಪುರದಿಂದ ಬಂದು ಹೋಗುವುದು ಅವರಿಂದ ಆಗದು. ಇಲ್ಲೇ ಖೂಬಾ ಪ್ಲಾಟ್ ಬಡಾವಣೆಯ ನನ್ನ ತವರುಮನೆಯಲ್ಲಿ ನಾನೂ ಅತ್ತೆಯೂ ಉಳಿದಿದ್ದೇವೆ. ಮಮ್ಮಿ ತನ್ನ ಕೋಣೆ ಬಿಟ್ಟುಕೊಟ್ಟಳು. ದಿಲೀಪನಿಗೆ ರಜೆ ಇಲ್ಲ, ಶನಿವಾರಕ್ಕೊಮ್ಮೆ ಬರುತ್ತಾನೆ. ಆರು ಶನಿವಾರ, ಆರು ಸಲ ಹೊಸದಾಗಿ ಮದುವೆ ಆದ ಹಾಗೆ. ಕೆಟ್ಟದ್ದರಲ್ಲೂ ಹೀಗೆ ಏನಾದರೂ ಸಿಗುತ್ತದೆ.

ಅತ್ತೆಗೆ ವಾಂತಿ ಬಹಳ. ಬೋಗುಣಿಯ ಕೆಳಗೆ ಹಾಸಲು ಮಾವ ಒಳಕೋಣೆಯ ಎರಡು ಗಂಟು ಪತ್ರಿಕೆ ಆಟೋದಲ್ಲಿ ಹಾಕಿಕೊಂಡು ಬಂದು ಇಳಿಸಿ ಹೋದರು. ಚೀಟಿ ಕೂಡ ನೋಡಲಿಲ್ಲ. ಮೂವತ್ತೊಂದು ವರ್ಷದ ಕೆಲಸವನ್ನು ಹೀಗೆ ಕೊಡಲು ಎಂಥ ದೊಡ್ಡ ಮನಸ್ಸು ಬೇಕು ಎಂದು ದಿಲೀಪನಿಗೆ ಮೆಸೇಜ್ ಹಾಕಿದೆ.

27 ಜನವರಿ, ಸೋಮವಾರ

ನಮಗೊಂದು ಆಟ ಸಿಕ್ಕಿದೆ. ಹಾಸುವ ಮೊದಲು ನಾನು ಹೆಡ್‌ಲೈನ್ ಓದುತ್ತೇನೆ. ಮುಂದೇನಾಯಿತು ಎಂದು ಅತ್ತೆ ಕೇಳುತ್ತಾರೆ. ನಾನು ಹೇಳುತ್ತೇನೆ. ಮಾವ ಯಾವಾಗಲೋ ಅಂದಿದ್ದರು, ಸುದ್ದಿ ಕಳಿಸುವುದಷ್ಟೇ ನಮ್ಮ ಕೆಲಸ, ಮುಂದ ಏನಾತು ಅಂತ ಒಬ್ಬನೂ ಕೇಳಂಗಿಲ್ಲ ಎಂದು. ಈಗ ನಾವು ಕೇಳುತ್ತಿದ್ದೇವೆ.

"ಕುಡಿಯುವ ನೀರಿನ ಸಮಸ್ಯೆ ಎಂಟು ದಿನದಲ್ಲಿ ಇತ್ಯರ್ಥ: ಅಧಿಕಾರಿ ಭರವಸೆ." ಅದರ ಮೂರನೆಯ ದಿನ ಈಗ ನಡೆಯುತ್ತಿದೆ, ಅಂದೆ. ಸರ್ಕಾರಿ ದಿನಗಳು ದೊಡ್ಡವು.

"ಕೋತಿಗಳ ಸೆರೆಗೆ ತಜ್ಞರ ತಂಡ." ತಂಡ ತೋಟದೊಳಗೆ ಹೋಗಿದ್ದು ಹೌದು, ಬಂದದ್ದಿಲ್ಲ. ಕೋತಿಗಳೇ ಅವರನ್ನು ಹಿಡಿದು ಬೋನಿನಲ್ಲಿಟ್ಟು ದಿನಕ್ಕೆ ಎರಡು ಕೆಂಪು ಬಾಳೆಹಣ್ಣು ಕೊಡುತ್ತಿವೆ. ಒಬ್ಬ ತಜ್ಞನಿಗೆ ಅಲ್ಲಿಯೇ ಪ್ರಮೋಷನ್ ಆಗಿದೆ.

ಅತ್ತೆಗೆ ಎಲ್ಲಕ್ಕಿಂತ ಹಿಡಿಸಿದ್ದು "ಬಿಸಿಲಿಗೆ ಕರಗಿದ ಡಾಂಬರು: ಸಿಕ್ಕಿಬಿದ್ದ ಬೈಕ್ ಸವಾರ". ಅವನನ್ನು ಕೀಳಲು ಆಗಲಿಲ್ಲ, ಅದಕ್ಕೆ ಸುತ್ತಲೂ ಕಟ್ಟೆ ಕಟ್ಟಿ ಸರ್ಕಲ್ ಮಾಡಿದರು, ಅಂದೆ. ವರ್ಷಕ್ಕೆ ಎರಡು ಸಲ ಹಾರ ಹಾಕುತ್ತಾರೆ. ಹೆಂಡತಿ ಮಧ್ಯಾಹ್ನ ಬುತ್ತಿ ತಂದು ಕೊಡುತ್ತಾಳೆ.

"ಹಿಂದಿನ ಸೀಟಿನ್ಯಾಗ ಕುಂತು ತಿನಿಸ್ತಾಳೇನು?"

"ಹೌದ್ರಿ ಅತ್ತಿ. ಹಿಂದ ಕುಂತೇ."

ನಕ್ಕರೆ ಬಾಯಿ ಹರಿಯುತ್ತದೆ. ಆದರೂ ಗಲ್ಲ ಹಿಡಿದುಕೊಂಡು ನಕ್ಕರು. ಬಟ್ಟೆಯಲ್ಲಿ ಸ್ವಲ್ಪ ರಕ್ತ ಬಂತು. ನಗಿಸುವುದು ಬೇಡ ಎಂದು ನರ್ಸ್ ಹೇಳಿದ್ದಾಳೆ. "ನಗೂದ ಬ್ಯಾಡ ಅಂದ್ರ ಆಕಿ ಬಂದು ನನ್ನ ನೋವ ತಗೊಳ್ಳಲಿ," ಅಂದರು ಅತ್ತೆ.

6 ಫೆಬ್ರವರಿ, ಗುರುವಾರ

ಮೂಗಿನಿಂದ ನಳಿಕೆ ಹಾಕಿದ್ದಾರೆ. ಅಂಬಲಿ, ಹಾಲು, ಔಷಧಿ ಎಲ್ಲ ಅದರಲ್ಲೇ. ಮಾತು ಕಡಿಮೆಯಾಗಿದೆ.

ಇವತ್ತು ಹಾಳೆ ಹಾಸಲು ಹೋದಾಗ ಅತ್ತೆ ನನ್ನ ಮಣಿಕಟ್ಟು ಹಿಡಿದರು. ಅಷ್ಟು ಬಲ ಅವರಲ್ಲಿ ಉಳಿದಿದೆ ಎಂದು ನನಗೆ ಗೊತ್ತಿರಲಿಲ್ಲ. ಹಾಳೆಯ ಮೂಲೆಯಲ್ಲಿ ಒಂದು ಹುಡುಗಿಯ ಫೋಟೋ. ಅದರ ಮೇಲೆ ಬೆರಳಿಟ್ಟು, ಓದು, ಎಂದು ಸನ್ನೆ ಮಾಡಿದರು.

"ಭಾವಪೂರ್ಣ ಶ್ರದ್ಧಾಂಜಲಿ. ಕುಮಾರಿ ಸುಜಾತಾ, ತಂದೆ ದತ್ತಪ್ಪ, ಕಮಲಾಪುರ. ವಯಸ್ಸು 21. ಅಲ್ಪಕಾಲದ ಜ್ವರದಿಂದ ದಿನಾಂಕ 12-6-2014ರಂದು ನಿಧನ. ದುಃಖತಪ್ತರು: ತಂದೆ, ತಾಯಿ, ತಮ್ಮ."

ನಾನು ಅತ್ತೆಯ ಬೆನ್ನು ಸವರಿದೆ. ಸಮಾಧಾನಕ್ಕೆ ಏನೋ ಹೇಳಲು ಬಾಯಿ ತೆರೆದೆ.

"ಸತ್ತಿಲ್ಲ ಆಕಿ," ಅಂದರು ಅತ್ತೆ. ಒಂದೊಂದು ಮಾತಿಗೂ ನಿಲ್ಲುತ್ತಿದ್ದರು. "ಪೇಪರಿನ ಗಂಟು ತರತಿದ್ದ ಗಾಡಿ ಡ್ರೈವರ್. ಮಕ್ಬೂಲ. ಅವನ ಜೋಡಿ ಹೋಗ್ಯಾಳ. ಬುತ್ತಿ ಕಟ್ಟಿ ಕೊಟ್ಟವಳು ನಾನೇ."

ಅದೇ ಪುಟದಲ್ಲಿ, ಫೋಟೋದ ಮೇಲೆಯೇ, ಮಾವನದೇ ಇನ್ನೊಂದು ಸುದ್ದಿ ಇದೆ. "ಅಂತರ್ಜಾತಿ ವಿವಾಹ: ಆದರ್ಶ ಜೋಡಿಗೆ ಸನ್ಮಾನ."

ಹಾಳೆಯನ್ನು ಮಡಿಸಿ ನನ್ನ ಸೂಟ್‌ಕೇಸಿನಲ್ಲಿ ಇಟ್ಟಿದ್ದೇನೆ. ಬೋಗುಣಿಯ ಕೆಳಗೆ ಹಾಳೆ ಇಲ್ಲದೆ ನೆಲ ಗಲೀಜಾಯಿತು, ಒರೆಸಿದೆ.

8 ಫೆಬ್ರವರಿ, ಶನಿವಾರ

ದಿಲೀಪ ಬಂದ. ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತ ಕೇಳಿದೆ. ಅವನು ಸುಳ್ಳು ಹೇಳುತ್ತಾನೆ ಅಂದುಕೊಂಡಿದ್ದೆ. ಹೇಳಲಿಲ್ಲ.

"ಮದುವಿಗಿ ಮೊದಲ ಯಾಕ ಹೇಳಲಿಲ್ಲ?"

"ಹೇಳಿದ್ರ ನಿಮ್ಮ ಮನ್ಯಾಗ ಹೆಣ್ಣ ಕೊಡ್ತಿದ್ರೇನು?"

"ನಾ ಹಟ ಮಾಡಿ ಬರ್ತಿದ್ದೆ."

ಆಮೇಲೆ ಎಲ್ಲ ಹೇಳಿದ. ಗುಲಬರ್ಗದ ದವಾಖಾನೆಯಲ್ಲಿ ತೀರಿದಳು, ಅಲ್ಲಿಯೇ ಮಣ್ಣು ಮಾಡಿದೆವು ಎಂದು ಊರಿಗೆ ಹೇಳಿದರಂತೆ. ಪತ್ರಿಕೆಯಲ್ಲಿ ಬಂದ ಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ. ಕಮಲಾಪುರದಲ್ಲಿ ದತ್ತಪ್ಪನವರ ಸುದ್ದಿ ಅಂದರೆ ಖರೆ.

"ಆಫೀಸಿಗಿ ಯಾರ ಒಯ್ದು ಕೊಟ್ಟವ್ರು?"

"ನಾನೇ. ಹತ್ತೊಂಬತ್ತು ವರ್ಷ ನನಗ. ಅಪ್ಪ ಬರದು ಕೊಟ್ಟ, ಒಯ್ದೆ. ಕೌಂಟರಿನವ, ಎಂಥ ಜ್ವರ ಅಂತ ಕೇಳ್ದ. ಡೆಂಗಿ ಅಂದೆ."

ಮಾವ ಬರೆದದ್ದು ಜ್ವರ ಎಂದಷ್ಟೇ. ಯಾವ ಜ್ವರ ಎಂಬುದು ದಿಲೀಪನ ಸ್ವಂತದ್ದು.

ಎರಡು ವರ್ಷದ ಹಿಂದೆ ಅವಳು ಒಮ್ಮೆ ಫೋನ್ ಮಾಡಿದ್ದಳಂತೆ. ರಾಂಗ್ ನಂಬರ್ ಎಂದು ಇಟ್ಟನಂತೆ. ನಂಬರ್ ಉಳಿಸಿಕೊಳ್ಳಲಿಲ್ಲ. ಅವನಿಗೆ ಅಳು ಬಂತು. ನಾನು ಕ್ಲಿಪ್ ಹಾಕುವುದನ್ನು ಮುಗಿಸಿ ಕೆಳಗೆ ಬಂದೆ, ಔಷಧಿ ಹೊತ್ತಾಗಿತ್ತು.

11 ಫೆಬ್ರವರಿ, ಮಂಗಳವಾರ

ಅತ್ತೆ ಆ ಹಾಳೆ ತೆಗೆಸಿದರು. "ಇದರದು ಮುಂದ ಏನಾತು ಹೇಳು. ಬೈಕಿನವಂದು ಹೇಳ್ದಂಗ."

ನನಗೆ ಬೇಡವಾಗಿತ್ತು. ಅವರು ಕಾಯುತ್ತಿದ್ದರು. ಹೇಳಿದೆ.

ಸತ್ತ ಸುಜಾತಾ ಸಕ್ಕರೆಗೆಂದು ರೇಷನ್ ಅಂಗಡಿಯ ಪಾಳಿಯಲ್ಲಿ ನಿಂತಳು. ಸತ್ತವರಿಗೆ ಸಕ್ಕರೆ ಇಲ್ಲ, ಸೀಮೆಎಣ್ಣೆ ಆದರೆ ಕೊಡಬಹುದು ಅಂದ ಅಂಗಡಿಯವ. ಆಮೇಲೆ ಕಾಲೇಜಿನಲ್ಲಿ ತನ್ನ ಶ್ರದ್ಧಾಂಜಲಿ ಸಭೆಗೆ ತಾನೇ ತಡವಾಗಿ ಹೋದಳು. ಎಲ್ಲರೂ ಎರಡು ನಿಮಿಷ ಮೌನ ನಿಂತಿದ್ದರು. ಈಕೆ ಕುರ್ಚಿ ಎಳೆದಳು ಎಂದು ಪ್ರಿನ್ಸಿಪಾಲರು ಬೈದರು, ಸತ್ತವರ ಬಗ್ಗೆ ಸ್ವಲ್ಪವಾದರೂ ಗೌರವ ಇರಲಿ ಎಂದು.

ಅತ್ತೆ ನಕ್ಕರು. ರಕ್ತ ಬಂತು, ಒರೆಸಿದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದರು. ನಂತರ ಅಂದರು:

"ಸುಳ್ಳ ಸಾಕು ಯವ್ವ. ಖರೆ ಏನಾತು, ಹೋಗಿ ನೋಡಿ ಬಾ. ಮಕ್ಬೂಲನ ಅಣ್ಣ ವಹಾಬ, ಶಹಾಬಜಾರದಾಗ ಕುಕ್ಕರ್ ರಿಪೇರಿ ಮಾಡ್ತಾನ. ಆಕಿನ್ನ ಒಮ್ಮಿ ಕಣ್ಣಿಲೆ ನೋಡ್ಬೇಕು. ಅಷ್ಟೇ ನಂದು."

14 ಫೆಬ್ರವರಿ, ಶುಕ್ರವಾರ

ಶಹಾಬಜಾರದಲ್ಲಿ ಮೂರು ಕುಕ್ಕರ್ ಅಂಗಡಿಗಳಿವೆ. ಎರಡು ಕಡೆ ಕೇಳಿ ಮೂರನೆಯದಕ್ಕೆ ಹೋದೆ. ವಹಾಬ್ ಭಾಯ್ ಆಗತಾನೆ ನಮಾಜಿನಿಂದ ಬಂದು ಬಾಗಿಲು ತೆಗೆಯುತ್ತಿದ್ದರು. ಬಿಳಿ ಗಡ್ಡ, ದಪ್ಪ ಕನ್ನಡಕ. ನಾನು ಯಾರು ಎಂದು ಹೇಳಿ ಸುಜಾತಾಳ ನಂಬರ್ ಕೇಳಿದೆ. ಅವರು ಒಂದು ಕುಕ್ಕರಿನ ಮುಚ್ಚಳ ಎತ್ತಿಕೊಂಡು ರಬ್ಬರ್ ಕೀಳಲು ಕುಳಿತರು.

"ಸತ್ತವರ ನಂಬರ ಯಾರರ ಕೇಳ್ತಾರೇನು ಬೇಟಿ? ಹತ್ತ ವರ್ಷ ಮ್ಯಾಲಾತು. ಅವರ ಮನಿಯಿಂದ ಇಲ್ಲಿತನ ಒಂದ ಕುಕ್ಕರ್ ಸೈತ ಬಂದಿಲ್ಲ."

"ಅತ್ತಿ ಭಾಳ ದಿವಸ ಇರಂಗಿಲ್ರಿ ಭಾಯ್."

ಅವರ ಕೈ ನಿಂತಿತು. ಒಳಗಿನಿಂದ ಸ್ಟೂಲು ತರಿಸಿ ಕೂರಿಸಿದರು. ಚಹಾ ಬಂತು.

ಸುಜಾತಾ ಭಿವಂಡಿಯಲ್ಲಿದ್ದಾಳೆ. ಮಕ್ಬೂಲ್ ಅಲ್ಲಿ ಟೆಂಪೋ ಓಡಿಸುತ್ತಾನೆ, ಈಕೆ ಹೊಲಿಗೆ ಮಾಡುತ್ತಾಳೆ. ಇಬ್ಬರು ಮಕ್ಕಳು. ದೊಡ್ಡವಳು ಮೆಹರೀನ್, ಅವಳಿಗೆ ಒಂಬತ್ತು.

"ಆ ಪೇಪರ್ ನಾನೇ ಕಳಿಸಿದ್ದೆ," ಅಂದರು. "ಕಾಲೇಜಿಗಿ ಅವತ್ತ ಅರ್ಧ ದಿವಸ ಸೂಟಿ ಕೊಟ್ಟಾರಂತ. ಅದನ್ನ ಕೇಳಿ ಭಾಳ ನಕ್ಕಳು. ಓದೂತನ ಒಂದ ಸೂಟಿ ಸಿಗಲಿಲ್ಲ, ಸತ್ತಮ್ಯಾಲೆ ಸಿಕ್ತು ಅಂತ. ಮೂರ ದಿವಸ ನಕ್ಕಳ್ ಬೇಟಿ. ಆಮ್ಯಾಗ ಮಕ್ಬೂಲ್ ಡಾಕ್ಟರ್ ಬಲ್ಲಿ ಕರ್ಕೊಂಡು ಹೋದ. ತವರಮನಿ ಎಲ್ಲದ ಅಂತ ಮಗಳು ಕೇಳಿದ್ರ, ಪೇಪರಿನ್ಯಾಗ ಮುಳುಗ್ತು ಅಂತಾಳಂತ."

ನಂಬರನ್ನು ಅಂಗಡಿಯ ಚೀಟಿಯ ಹಿಂದೆ ಬರೆದುಕೊಟ್ಟರು. ಸಂಜೆ ದಿಲೀಪ ಕೆಂಪು ಹೃದಯಗಳನ್ನು ಕಳಿಸಿದಾಗಲೇ ಇವತ್ತು ಯಾವ ದಿನ ಎಂದು ನೆನಪಾದದ್ದು.

16 ಫೆಬ್ರವರಿ, ಭಾನುವಾರ

ಫೋನ್ ಮಾಡಿದೆ. ನಾನು ಹೇಳಿದ್ದನ್ನೆಲ್ಲ ಸುಜಾತಾ ಕೇಳಿಸಿಕೊಂಡಳು. ಹಿಂದೆ ಹೊಲಿಗೆಯಂತ್ರದ ಸದ್ದು ಮೊದಲು ಇತ್ತು, ಆಮೇಲೆ ನಿಂತಿತು.

"ಎಷ್ಟ ದಿವಸ ಅಂತಾರ?"

"ಒಂದ ತಿಂಗಳ, ಇಲ್ಲಂದ್ರ ಅದೂ ಇಲ್ಲ. ಬರ್ರಿ ಅಕ್ಕಾ."

"ನಾ ಬಂದು ಎಲ್ಲಿ ನಿಂದರ್ಲಿ ತಂಗಿ? ಓಣಿ ಮಂದಿಗಿ ನಾ ಯಾರಂತ ಹೇಳ್ತೀರಿ? ಮಕ್ಕಳು ಜೋಡಿ ಇರ್ತಾವ. ಅಪ್ಪ ಒಂದ ಮಾತ ಬಾ ಅನ್ಲಿ. ನಿಂದಲ್ಲ, ತಮ್ಮಂದೂ ಅಲ್ಲ. ಅಪ್ಪಂದು."

ಅವಳು ಕೇಳಿದ್ದು ನ್ಯಾಯವಾಗಿಯೇ ಇದೆ.

19 ಫೆಬ್ರವರಿ, ಬುಧವಾರ

ಮಾವ ಬಂದಿದ್ದರು. ಅತ್ತೆ ನಿದ್ದೆಯಲ್ಲಿದ್ದರು. ಅಂಗಳದಲ್ಲಿ ಕೂತು ಪತ್ರಿಕೆ ಓದುತ್ತಿದ್ದವರ ಮುಂದೆ ನಂಬರಿನ ಚೀಟಿ ಇಟ್ಟು ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಮೊಣಕಾಲ ಮೇಲಿಟ್ಟರು.

"ಮೂವತ್ತೊಂದು ವರ್ಷದಾಗ ಒಂದ ಸುದ್ದಿ ನಾ ವಾಪಸ್ ತಗೊಂಡಿಲ್ಲ. ಹೊಡೀತೀವಿ ಅಂತ ಮನಿಗಿ ಬಂದಿದ್ರು, ಅವಾಗೂ ತಗೊಂಡಿಲ್ಲ."

"ಮಾವ, ಇದು ಸುದ್ದಿ ಅಲ್ರಿ. ನಿಮ್ಮ ಮಗಳು."

"ಮುನ್ನೂರ ಮಂದಿ ನನ್ನ ಅಂಗಳದಾಗ ಬಂದು ಅತ್ತು ಹೋಗ್ಯಾರ. ಒಬ್ಬೊಬ್ಬರೂ ನನ್ನ ಕೈ ಹಿಡದಾರ. ನಾನೂ ಅತ್ತೀನಿ. ಈಗ ಆಕಿ ಬಂದು ಓಣ್ಯಾಗ ಇಳದ್ಲು ಅಂದ್ರ, ಅವರಿಗಿ ನಾ ಏನ ಅನ್ಲಿ? ನೀನೇ ಹೇಳು. ನೀ ಭಾಳ ಮುಂದಿಂದು ಹೇಳ್ತಿ ಅಂತ, ನಿಮ್ಮ ಅತ್ತಿ ಅಂದಾಳ."

ಅವರು ಎದ್ದು ಚಪ್ಪಲಿ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋದರು. ಚೀಟಿ ಅಲ್ಲೇ ಇತ್ತು.

27 ಫೆಬ್ರವರಿ, ಗುರುವಾರ. ಕಮಲಾಪುರ

ಕರೆಂಟ್ ಕೊಡುವುದನ್ನು ನಿಲ್ಲಿಸಿದ್ದಾರೆ. ಮನೆಗೆ ಕರೆದೊಯ್ಯಿರಿ ಅಂದರು. ಕರೆತಂದೆವು. ಅತ್ತೆಗೆ ಈಗ ಮಾತಿಲ್ಲ.

ದಿಲೀಪ ಬೆಳಿಗ್ಗೆ ತಿರುವಿನಲ್ಲಿ ಹಾರ್ನ್ ಹೊಡೆಯುತ್ತಾನೆ. ಒಂದೊಂದು ದಿನ ಕೇಳಿಸುತ್ತದೆ.

3 ಮಾರ್ಚ್, ಸೋಮವಾರ

ಮಾವ ಹೊರಗೆ ಹೋದಾಗ ಭಿವಂಡಿಗೆ ಹಚ್ಚಿ ಫೋನನ್ನು ಅತ್ತೆಯ ಕಿವಿಗೆ ಹಿಡಿದೆ. ಮುಖ ತೋರಿಸುವ ಕರೆ ಬೇಡ ಎಂದು ಅತ್ತೆಯೇ ಕೈ ಅಲ್ಲಾಡಿಸಿದ್ದರು. ಊದಿದ ತನ್ನ ಮುಖವನ್ನು ಮಗಳು ನೋಡಬಾರದು. ಸುಜಾತಾ ಹನ್ನೊಂದು ನಿಮಿಷ ಮಾತಾಡಿದಳು. ಏನು ಹೇಳಿದಳೋ, ನಾನು ಕಿವಿಗೊಡಲಿಲ್ಲ. ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು.

ಆಮೇಲೆ ಅವಳು ನನ್ನನ್ನು ಕೇಳಿದಳು, "ಅವ್ವ ಏನರ ಅಂದಳೇನು?"

ಹೇಳಲು ನೂರು ಮಾತಿದ್ದವು. ಏನೂ ಅನ್ನಲಿಲ್ಲ, ಪೂರ್ತಿ ಕೇಳಿಸಿಕೊಂಡರು ಅಂದೆ.

7 ಮಾರ್ಚ್, ಶುಕ್ರವಾರ

ಅತ್ತೆ ಇವತ್ತು ಬೆಳಿಗ್ಗೆ ಹತ್ತೂಕಾಲಿಗೆ ತೀರಿಕೊಂಡರು. ನಾನು ನಳಿಕೆಯಲ್ಲಿ ನೀರು ಬಿಡುತ್ತಿದ್ದೆ. ನೀರು ಇಳಿಯುವುದು ನಿಂತಿತು.

ಮಾವ ನೋಡಿ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ನಾನು ಮೊದಲು ಭಿವಂಡಿಗೆ ಫೋನ್ ಮಾಡಿದೆ. ಸುಜಾತಾ ಅಳಲಿಲ್ಲ. ಸ್ವಲ್ಪ ಹೊತ್ತಿಗೆ ಅಂದಳು, "ಇನ್ನ ಯಾರೂ ಕರಿಯೂದು ಬ್ಯಾಡ. ಬರ್ತೀನಿ. ನಾ ಬರೂತನ ಮುಖ ಮುಚ್ಚಬ್ಯಾಡ್ರಿ." ಅರ್ಧ ಗಂಟೆಯಲ್ಲಿ ಟಿಕೆಟ್ ಆಯಿತು ಎಂದು ತಿಳಿಸಿದಳು. ನಾನು ಕಲಬುರಗಿಗೆ ಫೋನ್ ಮಾಡಿ ಐಸ್ ಪೆಟ್ಟಿಗೆ ತರಿಸಿದೆ. ಯಾರಿಗಾಗಿ ಕಾಯುತ್ತೇವೆ ಎಂದು ದಿಲೀಪ ಕೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅಂಗಳ ತುಂಬಿತ್ತು. ಮಾವನ ದೊಡ್ಡಪ್ಪನ ಮಗ ಸೂರ್ಯಕಾಂತ ಕಾಕಾ ಹಿರಿಯರು, ಎಲ್ಲದಕ್ಕೂ ಅವರೇ ಮುಂದು. ಬುದ್ಧವಿಹಾರದ ಭಂತೇಜಿಗೆ ಹೇಳಿ ಕಳಿಸಿದ್ದರು, ಕುಣಿ ತೋಡಲು ಜನ ಹೋಗಿದ್ದರು.

"ಹೊತ್ತ ಮುಣುಗೂದ್ರಾಗ ಮಣ್ಣ ಆಗಬೇಕು," ಅಂದರು ಕಾಕಾ. "ಈ ಪೆಟಗಿ ಯಾಕ ತರಿಸೀರಿ? ಇನ್ನ ಯಾರ ಬರೋರದಾರ? ಇರೂದು ಒಬ್ಬ ಮಗ, ಇಲ್ಲೇ ಅದಾನ."

ದಿಲೀಪ ಫೋನ್ ನೋಡುತ್ತ ನಿಂತಿದ್ದ. ಮಾವ ನೆಲ ನೋಡುತ್ತಿದ್ದರು. ನಾನು ಅತ್ತೆಯ ತಲೆಯ ಹತ್ತಿರ ಕೂತಿದ್ದವಳು ಬಾಗಿಲಿಗೆ ಎದ್ದು ಬಂದೆ.

"ಮಗಳು ಬರಬೇಕ್ರಿ ಕಾಕಾ. ನಾಳಿತನ ಕಾಯಬೇಕು."

"ಯಾವ ಮಗಳವ್ವ? ಆಕಿ ಹೋಗಿ ಹತ್ತ ವರ್ಷ ಮ್ಯಾಲಾತು. ನಾವೆಲ್ಲ ಬಂದು ಅತ್ತು ಹೋಗೀವಲ್ಲ. ದುಃಖದಾಗ ಹುಡುಗಿಗಿ ಏನೋ ಆಗ್ಯದ, ಒಳಗ ಕರ್ಕೊಂಡ ಹೋಗ್ರಿ."

ಇಬ್ಬರು ಹೆಂಗಸರು ನನ್ನ ತೋಳು ಹಿಡಿದರು.

"ಸತ್ತಿಲ್ರಿ. ಭಿವಂಡ್ಯಾಗ ಅದಾರ. ಎರಡ ಮಕ್ಕಳದಾವ."

ಅಂಗಳದಲ್ಲಿದ್ದವರು ಒಬ್ಬೊಬ್ಬರಾಗಿ ಮಾವನ ಕಡೆ ತಿರುಗಿದರು. ಕಾಕಾ ಅವರ ಹತ್ತಿರ ಹೋಗಿ ಬಾಗಿ, "ದತ್ತು, ಏನಂತಾಳೋ ಈಕಿ?" ಅಂದರು.

ಮಾವ ಎದುರಿಗಿದ್ದ ಒಬ್ಬೊಬ್ಬರ ಮುಖವನ್ನೂ ನೋಡಿದರು. ನಂತರ ಅಂಗಿಯ ಜೇಬಿನಿಂದ ಪೆನ್ನು ತೆಗೆದರು. ಬರೆಯಲು ಏನೂ ಇರಲಿಲ್ಲ, ಎಡ ಅಂಗೈಯನ್ನೇ ಮುಂದೆ ಹಿಡಿದುಕೊಂಡರು. ತಲೆ ಎತ್ತದೆ ನನ್ನನ್ನು ಕೇಳಿದರು:

"ಯಾವತ್ತ ಬರ್ತಾಳ? ಯಾವ ಗಾಡಿ?"

"ನಾಳಿ ಮುಂಜಾನಿ ಮಾವ. ಶನಿವಾರ. ಹುಸೇನ್‌ಸಾಗರ್ ಎಕ್ಸ್‌ಪ್ರೆಸ್."